ಕಾರಣ: ಹಲ್ಲಿ

ಸಂಜೆ ಏಳು ನಲವತ್ತೆರಡಕ್ಕೆ ದೊಡ್ಡದು ನಿಂತಿತು.
ಫಟ್ ಎಂದದ್ದು ಸಣ್ಣ ಸದ್ದು. ಆಮೇಲಿನದು ದೊಡ್ಡದು:
ಫ್ಯಾನುಗಳು ಒಂದೊಂದಾಗಿ ಉಸಿರು ಬಿಟ್ಟು ಸುಮ್ಮನಾಗಿ
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಬೈತಖೋಲದ ಕಡೆಯ ಅಲೆ
ಟ್ರಾನ್ಸ್‌ಮಿಟರ್ ಕೋಣೆಯೊಳಗೆ ಕೇಳಿಸಿತು.

ಟಾರ್ಚು ಹಿಡಿದು ಹಿಂಬಾಗಿಲು ತೆಗೆದರೆ
ಎರಡು ತಾಮ್ರದ ಪಟ್ಟಿಗಳ ನಡುವೆ
ಸಂಕದ ಹಾಗೆ ಅಂಟಿಕೊಂಡಿತ್ತು ನಮ್ಮ ಹಲ್ಲಿ.
ಬಾಲವೊಂದು ಬಿಟ್ಟು ಉಳಿದದ್ದೆಲ್ಲ ಕರಕಲು.

ವಾರ್ತೆ ಮುಗಿದೊಡನೆ ಲೊಚ್ ಲೊಚ್ ಎನ್ನುತ್ತಿತ್ತು,
ನಾವು ಮೇಜು ಕುಟ್ಟಿ ಕೃಷ್ಣ ಕೃಷ್ಣ ಎನ್ನುತ್ತಿದ್ದೆವು.
ಮಂತ್ರಿಗಳ ಭರವಸೆಗೂ ಲೊಚ್ ಎಂದಿತ್ತು ಒಮ್ಮೆ.
ಪಾಪ, ಹುಳ ತಿಂದು ಬದುಕುವ ಜೀವ,
ಅದಕ್ಕೇನು ಗೊತ್ತು.

ಸಣ್ಣದನ್ನು ಎಬ್ಬಿಸಲು ಒಂಬತ್ತು ನಿಮಿಷ ಹಿಡಿಯಿತು.
ಮೂಲೆಯಲ್ಲಿ ಹಳೆ ಸೀರೆ ಹೊದ್ದು ಮಲಗಿರುತ್ತದೆ,
ತಿಂಗಳಿಗೊಮ್ಮೆ ಬಿಸಿ ಮಾಡಿ ಮತ್ತೆ ಮಲಗಿಸುತ್ತೇವೆ.
ದೊಡ್ಡದರ ಹತ್ತರಲ್ಲೊಂದು ಪಾಲು ತ್ರಾಣ.
ಕೋಡಿಬಾಗಕ್ಕೆ ಸಾಕು; ಕಾಳಿ ಸೇತುವೆ ದಾಟಿ
ಸದಾಶಿವಗಡದವರೆಗೆ ಹೇಗೋ ಏಗುತ್ತದೆ.
ದಕ್ಷಿಣಕ್ಕೆ ಮಾತ್ರ
ಅರ್ಗಾ ಗುಡ್ಡದ ಈಚೆಗೇ ಮಂಡಿಯೂರುತ್ತದೆ.

ಮಾಜಾಳಿಯಿಂದ ಒಬ್ಬಳ ಫೋನು:
"ನಿಮ್ಮ ಜಾಗದಲ್ಲಿ ಯಾರೋ ಅರಬ್ಬಿ ಮಾತಾಡ್ತಿದ್ರು."
ಸುಳ್ಳಲ್ಲ. ಮಳೆಗೆ ಮುಂಚಿನ ಧಗೆಯ ರಾತ್ರಿ
ಸಮುದ್ರದ ಮೇಲೆ ಗಾಳಿ ಪದರ ಕಟ್ಟಿ
ಆಚೆ ದಡದ ದನಿ ಜಾರಿ ಬರುವುದುಂಟು.
ನಾವು ತುಸು ಎದ್ದರೆ ಸಾಕು,
ಬಸ್ಸಿನ ಸೀಟಿಗೆ ಟವಲು ಹಾಕಿ ಕೂತುಬಿಡುತ್ತಾರೆ.

ಎಂಟೂ ಐದಕ್ಕೆ ಮೀನುಗಾರರಿಗೆ ಹವಾಮಾನ.
ಬಂದ್ ಬೀಳಲು ಇನ್ನು ನಾಲ್ಕೇ ದಿನ, ಕೊನೆಯ ಬಲೆಯೆಂದು
ಬೆಲೇಕೇರಿಯ ದೋಣಿಗಳು ಹೊರಡುವ ಹೊತ್ತು.
ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುತ್ತಾರೆ ಸಾಹೇಬರು.
ಅಲ್ಲಿಯ ಧಕ್ಕೆಯ ಒಂದೂವರೆ ಕಡ್ಡಿ ಸಿಗ್ನಲ್ಲು
ಅವರು ಕಂಡವರಲ್ಲ.

ಡ್ರಾವರಿನಲ್ಲಿ ಒಂದು ಕಾರ್ಡಿತ್ತು. ತಿಂಗಳು ತಿಂಗಳು ಬರುವಂಥದು:
ದನಿ ಸ್ಪಷ್ಟ, ಮಿಷನ್ನು ತುಳಿದಾಗ ಮಾತ್ರ ಗರಗರ,
ಇತಿ ಹಮ್ಮಣ್ಣ ಟೇಲರ್, ಬೆಲೇಕೇರಿ. ಕೆಳಗೆ ನಂಬರು.

"ಬರೂದಿಲ್ಲ ತಂಗಿ, ಬರೇ ಸೊಂಯ್ ಅಂತದೆ,"
ಎಂದು ರೇಡಿಯೋದ ಬಾಯಿಗೇ ಫೋನು ಹಿಡಿದ.
ಕೇಳಿದೆ. ಕಾದ ಬಾಣಲೆಗೆ ನೀರು ಬಿದ್ದ ಹಾಗೆ,
ಅದರ ಅಡಿಯಲ್ಲೆಲ್ಲೋ ನಮ್ಮ ಸಣ್ಣದು
ಮುಳುಗುವವನ ಕೈಯ ಹಾಗೆ ಒಮ್ಮೆ ಎದ್ದು, ಇಲ್ಲವಾಗಿ.

ಹಾಳೆ ಎತ್ತಿ ನಾನೇ ಓದಿದೆ:
ಮಾಜಾಳಿಯಿಂದ ಭಟ್ಕಳದವರೆಗೆ, ನಾಳೆ ರಾತ್ರಿಯ ತನಕ,
ಅಲೆಗಳ ಎತ್ತರ ಎರಡೂವರೆ ಮೀಟರ್.
ಅತ್ತ ಕತ್ತರಿ ಕೆಳಗಿಟ್ಟ ಸದ್ದು. ಮೆಟ್ಟಿಲ ಚಪ್ಪಲಿಯ ಸದ್ದು.
ಆಮೇಲೆ, ನನಗಲ್ಲ, ಕತ್ತಲ ಓಣಿಗೆ:
"ಐದೂವರೆ ಮೊಳ! ಐದೂವರೆ ಮೊಳ ಅಂತದೆ ಕಾರವಾರ!"
ಯಾರೋ ಅದನ್ನೆತ್ತಿ ಮುಂದಕ್ಕೆ ಕೂಗಿದರು.
ಮತ್ತಾರೋ ಇನ್ನೂ ಆಚೆಗೆ, ಕೊಂಕಣಿಯಲ್ಲಿ.
ಧಕ್ಕೆ ಮುಟ್ಟುವಷ್ಟರಲ್ಲಿ ಅದು ಐದೋ ಏಳೋ,
ನನ್ನ ಕಿವಿಗೆ ಅಷ್ಟು ದೂರ ಸಿಗಲಿಲ್ಲ.

ರಿಜಿಸ್ಟರಿನಲ್ಲಿ ಬರೆದೆ:
ನಿಂತದ್ದು ೭.೪೨. ಬದಲಿ ೭.೫೧. ಕಾರಣ: ಹಲ್ಲಿ.
ವ್ಯಾಪ್ತಿ ಎಂಬ ಕಾಲಮ್ಮಿನಲ್ಲಿ
'ಅರ್ಗಾದವರೆಗೆ' ಎಂದು ಬರೆದು, ಪೆನ್ನು ಹಿಡಿದೇ ಕೂತು,
ಆ ಮುಂದೆ ಸಣ್ಣಕ್ಷರದಲ್ಲಿ 'ಮತ್ತು ಒಂದು ಓಣಿ'.
ಸಾಹೇಬರು ಬೆಳಿಗ್ಗೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ದೊಡ್ಡದು ಮೂರನೇ ದಿನ ಎದ್ದಿತು.
ಯಾರೂ ಫೋನು ಮಾಡಲಿಲ್ಲ, ಸರಿಯಾದದ್ದಕ್ಕೆ ಯಾರು ಮಾಡುತ್ತಾರೆ.
ಟ್ಯೂಬ್‌ಲೈಟಿನ ಹಿಂದೆ ಹೊಸದೊಂದು ಬಂದಿದೆ,
ಬೆರಳುದ್ದ, ಮೈ ಒಳಗಿನ ಬೆಳಕು ಕಾಣುವಷ್ಟು ತೆಳ್ಳಗೆ.
ವಾರ್ತೆ ಮುಗಿಯಿತು. ಮೇಜಿನ ಮೇಲೆ ಬೆರಳಿಟ್ಟು ಕಾದೆ.
ಇನ್ನೂ ಏನೂ ಹೇಳಿಲ್ಲ ಅದು.